ಬಾವಿಯ ತಳಕ್ಕೆ ಬಿಸಿಲು ಇಳಿಸಿದ್ದು: ಎರಡು ಕನ್ನಡಿ, ಒಂದು ಎಂ8 ರಾಡು, ಹನ್ನೆರಡು ದಿನ

ಉಡುಪಿ ಹತ್ತಿರದ ಹಿರಿಯಡ್ಕದ ದೊಡ್ಡಮ್ಮನ ಮನೆಯ ಬಾವಿ ಮುರಕಲ್ಲಿನದು. ಒಳಗಿನ ಅಗಲ 6 ಅಡಿ, ದಂಡೆಯಿಂದ ಕೆಸರಿನವರೆಗೆ 34 ಅಡಿ. ವರ್ಷಕ್ಕೊಮ್ಮೆ ಮಳೆ ಹಿಡಿಯುವ ಮೊದಲು ಹೂಳು ತೆಗೆಸಬೇಕು. ಕಳೆದ ವರ್ಷ ಬಾವಿ ಕೆಲಸದ ಅಣ್ಣ ವಯರಿಗೆ ಬಲ್ಬು ಕಟ್ಟಿಕೊಂಡು ಇಳಿದಿದ್ದರು. ಹೋಲ್ಡರ್ ನೀರಿಗೆ ತಾಗಿ ಟ್ರಿಪ್ಪರ್ ಬಿತ್ತು. ಅವರಿಗೆ ಒಂದು ಜುಮ್ ಅಂದದ್ದು ಬಿಟ್ಟರೆ ಏನೂ ಆಗಲಿಲ್ಲ, ಆದರೆ ಮೇಲೆ ಬಂದವರು ಹೇಳಿದ್ದು ಒಂದೇ ಮಾತು: "ಇನ್ನು ವಯರು ಇಳಿಸುವುದಾದರೆ ನಾನು ಇಳಿಯುವುದಿಲ್ಲ ಮಾರ್ರೆ." ತಲೆಗೆ ಕಟ್ಟುವ ಟಾರ್ಚ್ ಅವರಿಗೆ ಆಗುವುದಿಲ್ಲ. ಹತ್ತು ನಿಮಿಷದಲ್ಲಿ ಅದರ ಗಾಜಿಗೆ ಕೆಸರು ಮೆತ್ತಿಕೊಳ್ಳುತ್ತದೆ.

ಈ ವರ್ಷ ಬಿಸಿಲನ್ನೇ ಇಳಿಸುವುದೆಂದು ಹೊರಟೆ. ದಿನಾಂಕ ಹಾಕಿ ಬರೆದಿಟ್ಟದ್ದು ಇಲ್ಲಿ ಉಂಟು. ಇದೇ ಕೆಲಸಕ್ಕೆ ಕೈಹಾಕುವವರು ನನ್ನ ತಪ್ಪುಗಳನ್ನು ಮೊದಲು ಓದಿಕೊಳ್ಳಿ. ಅವಕ್ಕೇ ನನ್ನ ಅರ್ಧ ದಿನಗಳು ಹೋದದ್ದು.

ಏಪ್ರಿಲ್ 6. ಒಂದೇ ಕನ್ನಡಿ

ಅಜ್ಜಿ ಇದ್ದ ಕಾಲದಲ್ಲಿ ಕೊಡಪಾನ ಬಾವಿಗೆ ಬಿದ್ದರೆ ಪಾತಾಳಗರಡಿ ಇಳಿಸುವ ಮೊದಲು ಗೋಡೆಯ ಕನ್ನಡಿ ತಂದು ಬಿಸಿಲು ಹಿಡಿಯುತ್ತಿದ್ದರು. ಹಿಡಿಯುವವರ ಕೈ ಸ್ವಲ್ಪ ಅಲುಗಿದರೂ ಬೆಳಕು ಈ ಗೋಡೆಯಿಂದ ಆ ಗೋಡೆಗೆ ಹಾರುತ್ತಿತ್ತು. ಅದನ್ನೇ ಒಂದು ಕಟ್ಟಿಗೆಗೆ ಬಿಗಿದು ದಂಡೆಯ ಮೇಲೆ ನಿಲ್ಲಿಸಿದರೆ ಸಾಕು ಅಂದುಕೊಂಡೆ.

ಬೆಳಿಗ್ಗೆ ಒಂಬತ್ತೂವರೆಗೆ ಒಂದು ಮೀಟರ್ ಕೋಲಿನ ನೆರಳೂ ಹೆಚ್ಚುಕಡಿಮೆ ಒಂದು ಮೀಟರ್ ಇತ್ತು. ಅಂದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿ. ಆ ಬಿಸಿಲು ನೆಟ್ಟಗೆ ಕೆಳಗಿಳಿಯಬೇಕಾದರೆ ಕನ್ನಡಿ ನೆಲಕ್ಕೆ 67 ಡಿಗ್ರಿಯಷ್ಟು ಕಡಿದಾಗಿ, ಬಾವಿಯ ಬಾಯಿಯ ಮೇಲೆಯೇ ನಿಲ್ಲಬೇಕು. ಆಗ ಬಿಸಿಲು ಕನ್ನಡಿಗೆ ಎದುರಾಗಿ ಬೀಳುವುದಿಲ್ಲ, ಸವರಿಕೊಂಡು ಹೋಗುತ್ತದೆ. 24 ಇಂಚಿನ ಕನ್ನಡಿಯಿಂದ ಕೆಳಗೆ ಸಿಕ್ಕಿದ್ದು 9 ಇಂಚಿನ ಒಂದು ಪಟ್ಟಿ. ಸೂರ್ಯ ಏರಿದಂತೆ ಅದೂ ಸಪೂರ ಆಗುತ್ತಾ ಹೋಯಿತು. ಹತ್ತೂವರೆಗೆ ಬಿಟ್ಟುಬಿಟ್ಟೆ.

ಏಪ್ರಿಲ್ 8. ಎರಡು ಕನ್ನಡಿಯ ಲೆಕ್ಕ, ಮೊದಲ ಖರೀದಿ

ಬಾವಿಯ ಮೇಲೆ ಒಂದು ಕನ್ನಡಿಯನ್ನು 45 ಡಿಗ್ರಿಗೆ ಓರೆ ಮಾಡಿ, ಮುಖ ಪಶ್ಚಿಮಕ್ಕೆ ಮತ್ತು ಕೆಳಕ್ಕೆ ಇರುವಂತೆ ಕದಲದಂತೆ ಕಟ್ಟಿಬಿಡುವುದು. ಅಡ್ಡಲಾಗಿ ಬಂದ ಬೆಳಕನ್ನು ಅದು ನೇರ ಕೆಳಕ್ಕೆ ಮಡಚುತ್ತದೆ. ಇನ್ನೊಂದನ್ನು ಬಾವಿಯಿಂದ ಪಶ್ಚಿಮಕ್ಕೆ 5 ಮೀಟರ್ ದೂರದಲ್ಲಿ ಸ್ಟ್ಯಾಂಡಿನ ಮೇಲೆ, ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸುವುದು. ಬೆಳಗಿನ ಬಿಸಿಲನ್ನು ಹಿಡಿದು ಅಡ್ಡಕ್ಕೆ ಬಾವಿಯತ್ತ ಕಳಿಸುವುದು ಇದರ ಕೆಲಸ. ಸೂರ್ಯ ಏರಿದಂತೆ ತಿರುಗಿಸಬೇಕಾದ್ದು ಈ ಸ್ಟ್ಯಾಂಡಿನ ಕನ್ನಡಿ ಒಂದನ್ನೇ. ಬಾವಿಯ ಮೇಲಿನದನ್ನು ಮೇಲಿನ ಕನ್ನಡಿ, ಸ್ಟ್ಯಾಂಡಿನದನ್ನು ಕೆಳಗಿನ ಕನ್ನಡಿ ಎಂದು ಕರೆಯುತ್ತೇನೆ.

ನಮ್ಮಲ್ಲಿ ಖಾಲಿ ಜಾಗ ಇದ್ದದ್ದು ಬಾವಿಯ ಪೂರ್ವಕ್ಕೆ. ಅಲ್ಲೇ ಇಡುವ ಆಸೆ ಆಯಿತು, ಆದರೆ ಕಾಗದದ ಮೇಲೆ ಗೆರೆ ಎಳೆದಾಗ ಮೊನ್ನೆಯ ಕತೆಯೇ ಕಂಡಿತು. ಪೂರ್ವದಲ್ಲಿ ಇಟ್ಟರೆ ಬಿಸಿಲು ಮತ್ತೆ ಸವರಿಕೊಂಡು ಹೋಗುತ್ತದೆ, ಕನ್ನಡಿಯ ಅಗಲದಲ್ಲಿ ನೂರಕ್ಕೆ 40ರಷ್ಟೂ ಕೆಲಸಕ್ಕೆ ಬರುವುದಿಲ್ಲ. ಪಶ್ಚಿಮದಲ್ಲಿ ಇಟ್ಟರೆ 92ರಷ್ಟು ಬರುತ್ತದೆ. ಪಶ್ಚಿಮದ ಕಡೆ ಇದ್ದ ಕಟ್ಟಿಗೆ ರಾಶಿಯನ್ನು ಸರಿಸುವುದಕ್ಕೆ ಒಂದು ಬೆಳಗು ಬೇಕಾಯಿತು.

ಉಡುಪಿಯ ಗಾಜಿನ ಅಂಗಡಿಯಿಂದ 4 ಮಿಮೀ ದಪ್ಪದ, 18 × 24 ಇಂಚಿನ ಎರಡು ಕನ್ನಡಿ ತಂದೆ: 540 ರೂ. 12 ಮಿಮೀ ಪ್ಲೈವುಡ್ ತುಂಡುಗಳಿಗೆ 380, ಅಲ್ಯೂಮಿನಿಯಂ ಆಂಗಲ್‌ಗೆ 260, ಎಂ8 ಥ್ರೆಡ್ ರಾಡ್ (ಉದ್ದಕ್ಕೂ ಸ್ಕ್ರೂ ಗೆರೆ ಇರುವ 8 ಮಿಮೀ ಸರಳು), ನಟ್, ವಾಶರ್ ಸೇರಿ 140, ಕನ್ನಡಿಗೆ ಆಗುವ ಸಿಲಿಕೋನ್ ಟ್ಯೂಬಿಗೆ 280. ಸಿಲಿಕೋನ್ ವಿಷಯದಲ್ಲಿ ಜಾಗ್ರತೆ ಬೇಕು. ವಿನೆಗರ್ ವಾಸನೆ ಬರುವ ಸಾದಾ ಜಾತಿಯದು ಹಿಂದಿನ ಬೆಳ್ಳಿ ಲೇಪವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ತನ್ನಿ.

ಏಪ್ರಿಲ್ 10. ಮೇಲಿನ ಕನ್ನಡಿ, ಅಳತೆಯ ತಪ್ಪು

ಬಾವಿಯ ಮೇಲೆ ರಾಟೆಗೆಂದು ಹಾಕಿದ ಅಡ್ಡ ಕಬ್ಬಿಣ ಇತ್ತು. ಅದಕ್ಕೆ ಚೌಕಟ್ಟು ನೇತುಹಾಕಲು ಎರಡು ಕಿವಿಗಳನ್ನು ವೆಲ್ಡ್ ಮಾಡಿಸಿದೆ. ಕೆಳಗಿನ ಸ್ಟ್ಯಾಂಡಿನ ಕೆಲಸವೂ ಸೇರಿ ವೆಲ್ಡಿಂಗ್‌ಗೆ 350 ರೂ. ಎರಡೂ ಕನ್ನಡಿಗಳ ನಡುಮಧ್ಯ ನೆಲದಿಂದ 4 ಅಡಿ 6 ಇಂಚು ಎತ್ತರದಲ್ಲಿ ಸಮನಾಗಿ ಇರಬೇಕು. ಗಾರೆಯವರ ಲೆವೆಲ್ ಪೈಪಿಗೆ ನೀರು ತುಂಬಿಸಿ ಗುರುತು ಹಾಕಿಕೊಂಡೆ.

45 ಡಿಗ್ರಿ ಸರಿಯಾಗಿ ಬಂದಿದೆಯೋ ಎಂದು ಮೊಬೈಲನ್ನು ಕನ್ನಡಿಯ ಬೆನ್ನಿಗೆ ಒತ್ತಿ ನೋಡಿದೆ. 45 ಎಂದೇ ತೋರಿಸಿತು. ಆದರೂ ಬೆಳಕು ತಳದ ನಡುವಿನಿಂದ ಒಂದೂವರೆ ಅಡಿ ಆಚೆ ಬಿತ್ತು. ಕನ್ನಡಿ ಒಂದು ಡಿಗ್ರಿ ತಪ್ಪಿದರೆ ಬೆಳಕು ಎರಡು ಡಿಗ್ರಿ ತಪ್ಪುತ್ತದೆ, 11 ಮೀಟರ್ ಆಳದಲ್ಲಿ ಅದು 38 ಸೆಂಮೀ ಆಗುತ್ತದೆ. ಮೊಬೈಲಿನ ಲೆವೆಲ್ ಈ ಕೆಲಸಕ್ಕೆ ಸಾಲದು.

ಕೊನೆಗೆ ಉಪಯೋಗಕ್ಕೆ ಬಂದದ್ದು ಕಣ್ಣು. ಬೆಳಕು ಹೋಗುವ ದಾರಿಯೇ ಅದು ಬರುವ ದಾರಿ ಕೂಡ. ಕೆಳಗಿನ ಕನ್ನಡಿ ನಿಲ್ಲುವ ಜಾಗದಲ್ಲಿ, ಅದೇ ಎತ್ತರದಲ್ಲಿ ಕಣ್ಣಿಟ್ಟು ಮೇಲಿನ ಕನ್ನಡಿಯನ್ನು ನೋಡಿದರೆ ಅದರೊಳಗೆ ಬಾವಿಯ ತಳ ನಡುಮಧ್ಯಕ್ಕೆ ಕಾಣಬೇಕು. ಹಗ್ಗಕ್ಕೆ ಬಿಳಿ ತಟ್ಟೆಯೊಂದನ್ನು ಕಟ್ಟಿ ನೀರಿನ ಮಟ್ಟದವರೆಗೆ ಬಾವಿಯ ಮಧ್ಯದಲ್ಲಿ ಇಳಿಸಿದೆ. ದೊಡ್ಡಮ್ಮನ ಮಗ ಚೌಕಟ್ಟನ್ನು ಅಲುಗಿಸುತ್ತಾ ಹೋದ, ನಾನು 5 ಮೀಟರ್ ದೂರದಿಂದ ನೋಡುತ್ತಾ ನಿಂತೆ. ತಟ್ಟೆ ಕನ್ನಡಿಯ ನಡುವಿಗೆ ಬಂದ ಕೂಡಲೇ ಬೋಲ್ಟು ಬಿಗಿದಾಯಿತು. ಹತ್ತು ನಿಮಿಷದ ಕೆಲಸ, ಬಿಸಿಲೂ ಬೇಡ.

ಅಳತೆಯ ತಪ್ಪು ಕಂಡದ್ದು ಆಮೇಲೆ. ಎರಡೂ ಕನ್ನಡಿ ಒಂದೇ ಗಾತ್ರ ಇದ್ದರೆ ಸಾಕು ಎಂದು ತಂದಿದ್ದೆ. ಮೇಲಿನದು 45 ಡಿಗ್ರಿ ಓರೆಯಾಗಿ ನಿಂತಾಗ ಅದರ 24 ಇಂಚು ಉದ್ದ ಎದುರಿನಿಂದ ನೋಡಿದರೆ 17 ಇಂಚು ಮಾತ್ರ. ಕೆಳಗಿನ ಕನ್ನಡಿಯಿಂದ ಬರುವ ಬೆಳಕು 22 ಇಂಚು ಎತ್ತರ. ಐದು ಇಂಚು ಬಿಸಿಲು ಮೇಲಿಂದಲೋ ಕೆಳಗಿಂದಲೋ ತಪ್ಪಿ ಹಿಂದಿನ ತೆಂಗಿನಮರಕ್ಕೆ ಹೊಡೆಯುತ್ತಿತ್ತು. ಮಾರನೇ ದಿನ ಮತ್ತೆ ಅಂಗಡಿಗೆ ಹೋದೆ. ಕೆಳಗಿನದನ್ನು 18 × 18ಕ್ಕೆ ಕತ್ತರಿಸಿಕೊಂಡೆ, ಮೇಲಿನದಕ್ಕೆ 5 ಮಿಮೀ ದಪ್ಪದ 18 × 27 ಇಂಚಿನದು ಹೊಸತು ತಂದೆ: 440 ರೂ. ಹಳೆಯದರಲ್ಲಿ ಒಂದು ಹಾಗೇ ಉಳಿಯಿತು, 270 ರೂಪಾಯಿ ದಂಡ. ಮೇಲಿನ ಕನ್ನಡಿಯ ಉದ್ದ ಬೆಳಕಿನ ಎತ್ತರದ 1.4 ಪಟ್ಟಿಗಿಂತ ತುಸು ಹೆಚ್ಚೇ ಇರಲಿ.

ಹೊಸ ಕನ್ನಡಿ ಸುಮಾರು 4 ಕಿಲೋ ತೂಗುತ್ತದೆ, ಅದರ ಕೆಳಗೆ ಒಬ್ಬ ಮನುಷ್ಯ ಕೆಲಸ ಮಾಡುತ್ತಾನೆ. ಹಾಗಾಗಿ ಪ್ಲೈಗೆ ಐದು ಕಡೆ ಸಿಲಿಕೋನ್ ಇಟ್ಟು ಅಂಟಿಸಿ, ನಾಲ್ಕೂ ಬದಿಗೆ ಆಂಗಲ್ ಹಾಕಿ, ಒಂದಿಡೀ ದಿನ ನೆರಳಲ್ಲಿ ಒಣಗಲು ಬಿಟ್ಟೆ. ಚೌಕಟ್ಟಿಗೆ ಬೋಲ್ಟು ಅಲ್ಲದೆ ಬೇರೆಯೇ ಒಂದು ಹಗ್ಗ. ಅದರ ಕೆಳಗೆ ಅರ್ಧ ಇಂಚು ಕಣ್ಣಿನ ತಂತಿ ಬಲೆಯನ್ನು ಅಡ್ಡಲಾಗಿ ಹಾಸಿದೆ, 120 ರೂ. ಗಾಜು ಒಡೆದರೂ ದೊಡ್ಡ ಚೂರು ಕೆಳಗೆ ಬೀಳಬಾರದು. ಬಲೆಯ ನೆರಳು ತಳದಲ್ಲಿ ಚೌಕಚೌಕವಾಗಿ ಕಂಡೀತೆಂಬ ಹೆದರಿಕೆ ಇತ್ತು. ಕಾಣಲೇ ಇಲ್ಲ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ 1 ಮಿಮೀ ತಂತಿಯ ಗಟ್ಟಿ ನೆರಳು ಒಂದು ಗೇಣು ಕೆಳಗೆ ಹೋಗುವಷ್ಟರಲ್ಲಿ ಕರಗಿರುತ್ತದೆ. ಬೆಳಕು ಆರರಲ್ಲಿ ಒಂದು ಪಾಲು ಕಡಿಮೆಯಾಯಿತು, ಅಷ್ಟೆ. ಆ ಬಲೆ ಇಲ್ಲದೆ ಯಾರನ್ನೂ ಕನ್ನಡಿಯ ಕೆಳಗೆ ಇಳಿಸಬೇಡಿ.

ಏಪ್ರಿಲ್ 12. ಪಶ್ಚಿಮ ಯಾವುದು

ಮೊಬೈಲಿನ ದಿಕ್ಸೂಚಿ ಅಡ್ಡ ಕಬ್ಬಿಣದ ಹತ್ತಿರ ಒಂದು ಹೇಳಿತು, ಹತ್ತು ಹೆಜ್ಜೆ ಆಚೆ ಇನ್ನೊಂದು. ಅದಕ್ಕಿಂತ ಸುಲಭದ ದಾರಿ ಉಂಟು. ಏಪ್ರಿಲ್ ನಡುವಿನ ವಾರದಲ್ಲಿ ಉಡುಪಿಯಲ್ಲಿ ಬೆಳಿಗ್ಗೆ 9:30ಕ್ಕೆ ಸೂರ್ಯ ಸರಿಯಾಗಿ ಪೂರ್ವದಲ್ಲಿ, 46 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ದಂಡೆಯ ಮೇಲೆ ನೆಟ್ಟಗೆ ಹಿಡಿದ ಕೋಲಿನ ನೆರಳು ಆಗ ಪಶ್ಚಿಮಕ್ಕೇ ಬೀಳುತ್ತದೆ. ಆ ನೆರಳಿನ ಗೆರೆಯನ್ನೇ ದಾರ ಹಿಡಿದು 5 ಮೀಟರ್ ಎಳೆದು ಸ್ಟ್ಯಾಂಡಿನ ಜಾಗ ಗುರುತಿಸಿದೆ.

ಏಪ್ರಿಲ್ 13. ಸ್ಕ್ರೂ: ಇಡೀ ಕೆಲಸದ ದೊಡ್ಡ ತಪ್ಪು

ಕೆಳಗಿನ ಕನ್ನಡಿಯ ಚೌಕಟ್ಟು ಎರಡು ಕಂಬಗಳ ನಡುವೆ, ಅರ್ಧ ಎತ್ತರದಲ್ಲಿ ಎರಡು ಬೋಲ್ಟುಗಳ ಮೇಲೆ ತೂಗುತ್ತದೆ. ಬೆನ್ನಿಗೆ ಒಂದು ಕಬ್ಬಿಣದ ಪಟ್ಟಿಯ ತೋಳು. ಸ್ಟ್ಯಾಂಡಿನ ಬುಡದಿಂದ ಎದ್ದ ಎಂ8 ರಾಡು ಆ ತೋಳಿನ ತೂತಿನಲ್ಲಿ ಹಾದುಹೋಗುತ್ತದೆ. ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ತೋಳು 1.25 ಮಿಮೀ ಸರಿಯುತ್ತದೆ.

ಈ ದಿನಗಳಲ್ಲಿ ಬೆಳಿಗ್ಗೆ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಏರುತ್ತಾನೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ನಾಲ್ಕು ನಿಮಿಷಕ್ಕೊಂದು ಸುತ್ತು ಎಂದಾದರೆ ಗಡಿಯಾರ ನೋಡಿ ಮಕ್ಕಳೂ ತಿರುಗಿಸಬಹುದು. ಒಂದು ಸುತ್ತಿಗೆ ಒಂದು ಡಿಗ್ರಿ ಬರುವಂತೆ ಲೆಕ್ಕ ಹಾಕಿ, ತಿರುಗುವ ಬೋಲ್ಟಿನಿಂದ 72 ಮಿಮೀ ದೂರಕ್ಕೆ ತೂತು ಕೊರೆದೆ.

8:40ಕ್ಕೆ ಬೆಳಕನ್ನು ಮೇಲಿನ ಕನ್ನಡಿಯ ನಡುವಿಗೆ ಕೂರಿಸಿದೆ. ನಾಲ್ಕು ನಿಮಿಷಕ್ಕೆ ಒಂದು ಸುತ್ತು, ಇನ್ನು ನಾಲ್ಕು ನಿಮಿಷಕ್ಕೆ ಇನ್ನೊಂದು. ಬೆಳಕು ಮೇಲಕ್ಕೆ ಹತ್ತಿ ಹೋಗಿತ್ತು. ನಟ್ಟಿನಲ್ಲಿ ಸಡಿಲ ಇರಬೇಕೆಂದು ಸ್ಪ್ರಿಂಗ್ ವಾಶರ್ ಹಾಕಿದೆ. ಮತ್ತೆ ಅದೇ. ಎರಡು ನಟ್ ಕೂಡಿಸಿ ಬಿಗಿದೆ. ಮತ್ತೆ ಅದೇ. ರಾಡು ಬಗ್ಗಿದೆಯೋ ಎಂದು ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಿದೆ. ನೆಟ್ಟಗೇ ಇತ್ತು. ಒಂದೂವರೆ ಗಂಟೆ ಹೀಗೆ ಹೋಯಿತು.

ತಲೆ ತಣ್ಣಗಾಗಲೆಂದು ಒಂದು ಸಲ ಏನನ್ನೂ ಮುಟ್ಟದೆ ಎಂಟು ನಿಮಿಷ ಕೂತೆ. ಮೇಲಿನ ಕನ್ನಡಿಯ ಬದಿಗೆ ಸ್ಕೇಲ್ ಕಟ್ಟಿದ್ದೆ. ತಿರುಗಿಸದೆ ಬಿಟ್ಟರೆ ಬೆಳಕು 17 ಸೆಂಮೀ ಕೆಳಗಿಳಿಯಿತು. ಹಿಂದಿನ ಸಲ ಎರಡು ಸುತ್ತು ತಿರುಗಿಸಿದ್ದಾಗ ಎಷ್ಟು ಮೇಲೆ ಹೋಗಿತ್ತೆಂದು ಚೀಟಿ ನೋಡಿದೆ. ಅದೂ 17 ಸೆಂಮೀ! ತಿರುಗಿಸದಿದ್ದರೆ ಇಷ್ಟೇ ಕೆಳಗೆ, ತಿರುಗಿಸಿದರೆ ಇಷ್ಟೇ ಮೇಲೆ. ಬೇಕಾದ್ದು ಸರಿಯಾಗಿ ನಡುವಿನದ್ದು, ಅಂದರೆ ಅರ್ಧ.

ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಇದನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಮೂರು ದಿನ ಹಿಂದೆ ಮೇಲಿನ ಕನ್ನಡಿಯಲ್ಲಿ ಇದೇ ಲೆಕ್ಕ ಹಾಕಿ 38 ಸೆಂಮೀ ಎಂದು ಬರೆದಿಟ್ಟಿದ್ದೆ ಕೂಡ. ಆದರೂ ತೂತು ಕೊರೆಯುವಾಗ ಸೂರ್ಯನ ಜೊತೆ ಕನ್ನಡಿಯೂ ಅಷ್ಟೇ ತಿರುಗಬೇಕೆಂದು ಕೈ ನಂಬಿಬಿಟ್ಟಿತು. ಸೂರ್ಯ ಒಂದು ಡಿಗ್ರಿ ಏರಿದಾಗ, ಬೆಳಕು ಇದ್ದಲ್ಲೇ ನಿಲ್ಲಬೇಕಾದರೆ, ಕನ್ನಡಿ ಹಿಂದಕ್ಕೆ ವಾಲಬೇಕಾದ್ದು ಅರ್ಧ ಡಿಗ್ರಿ ಮಾತ್ರ.

72 ಮಿಮೀ ತೂತು ಬಿಟ್ಟು 143 ಮಿಮೀಗೆ ಹೊಸ ತೂತು ಕೊರೆದೆ. ಈಗ ಒಂದು ಸುತ್ತಿಗೆ ಅರ್ಧ ಡಿಗ್ರಿ. 10:50ರಿಂದ 11:20ರವರೆಗೆ ನಾಲ್ಕು ನಿಮಿಷಕ್ಕೊಂದು ಸುತ್ತಿನಂತೆ ತಿರುಗಿಸಿದೆ. ಬೆಳಕು ಮೇಲೆ ಕೆಳಗೆ ಎರಡು ಬೆರಳು ಕೂಡ ಸರಿಯಲಿಲ್ಲ. ಅಡ್ಡಕ್ಕೆ ಮಾತ್ರ ನಿಧಾನ ಜಾರುತ್ತದೆ, ಸೂರ್ಯ ಏರುತ್ತಾ ದಕ್ಷಿಣಕ್ಕೆ ತುಸು ವಾಲುವುದರಿಂದ. ಅದಕ್ಕೆ ಸ್ಟ್ಯಾಂಡಿನ ಬುಡವನ್ನು ಗಂಟೆಗೆ ಮೂರು ಸಲ ಕೂದಲೆಳೆಯಷ್ಟು ತಿರುಗಿಸಿದರೆ ಆಯಿತು.

ಏಪ್ರಿಲ್ 14. ಬಿಸು

ತುಳುನಾಡಿನ ಹೊಸವರ್ಷ, ಕೆಲಸ ಇಲ್ಲ. ಕಣಿಗೆ (ಹಬ್ಬದ ಬೆಳಿಗ್ಗೆ ಎದ್ದು ಮೊದಲು ನೋಡುವ ಮಂಗಳವಸ್ತುಗಳ ಜೊತೆ) ಇಡಲು ದೊಡ್ಡಮ್ಮ ಗೋಡೆಯ ಕನ್ನಡಿ ಕೇಳಿದರು. 6ನೇ ತಾರೀಕು ಬಿಚ್ಚಿದ್ದನ್ನು ನಾನು ವಾಪಸ್ಸು ಹಾಕಿರಲಿಲ್ಲ. ತೊಳೆದು ಒರೆಸಿ ಕೊಟ್ಟೆ.

ಏಪ್ರಿಲ್ 15. ಕನ್ನಡಿ ಬಗ್ಗಿತ್ತು

ಬೆಳಕು ತಳದಲ್ಲಿ ನಿಲ್ಲುತ್ತಿತ್ತು, ಆದರೆ ಮಂಕು. 16 ಮೀಟರ್ ದಾರಿಯಲ್ಲಿ ಸೂರ್ಯನ ಬಿಲ್ಲೆಯ ಅಗಲದಿಂದಾಗಿ ಬೆಳಕಿನ ಚೌಕ 15 ಸೆಂಮೀ ಹಿಗ್ಗುವುದು ಸಹಜ. 45 ಸೆಂಮೀ ಕನ್ನಡಿಗೆ 60 ಸೆಂಮೀ ಚೌಕ ಬರಬೇಕು. ಕೆಳಗಿನ ಕನ್ನಡಿಯನ್ನು ಅಷ್ಟೇ ದೂರದ ಕೊಟ್ಟಿಗೆ ಗೋಡೆಗೆ ತಿರುಗಿಸಿ ಅಳೆದೆ. ಎತ್ತರ 62, ಅಗಲ 115!

ಉಕ್ಕಿನ ಸ್ಕೇಲನ್ನು ಕನ್ನಡಿಯ ಮೇಲೆ ಅಡ್ಡ ಇಟ್ಟಾಗ ಕಾರಣ ಸಿಕ್ಕಿತು. ಸ್ಕೇಲ್ ನಡುವಿಗೆ ತಾಗಿ, ಎರಡು ತುದಿಯಲ್ಲೂ ಒಂದು ಮಿಮೀ ಸಂದು. ಹಿಂದಿನ ಪ್ಲೈ ಬಿಸಿಲಿಗೆ ಸೊಟ್ಟಗಾಗಿತ್ತು. ನಾಲ್ಕು ಮೂಲೆಗೂ ಕ್ಲಿಪ್ ಹಾಕಿ ಬಿಗಿದ ನಾನೇ ಕನ್ನಡಿಯನ್ನು ಅದರ ಮೇಲೆ ಬಗ್ಗಿಸಿದ್ದೆ. ಕಣ್ಣಿಗೆ ಒಂದಿಷ್ಟೂ ಕಾಣದ ಆ ಒಂದು ಮಿಮೀ ಬೆಳಕಿನ ಅಗಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು.

ಕ್ಲಿಪ್ಪುಗಳನ್ನೆಲ್ಲ ಬಿಚ್ಚಿದೆ. ಕೆಳಗೆ ಎರಡು, ಮೇಲೆ ಒಂದು, ಒಟ್ಟು ಮೂರೇ ಕಡೆ ಹಳೆ ಟಯರ್ ಟ್ಯೂಬಿನ ತುಂಡುಗಳ ನಡುವೆ ಕನ್ನಡಿ ಕೂರುವಂತೆ ಮಾಡಿದೆ. ಪ್ಲೈ ಎಷ್ಟೇ ಸೊಟ್ಟಗಾಗಲಿ, ಮೂರು ಬಿಂದುಗಳಿಗೆ ಕನ್ನಡಿಯನ್ನು ತಿರುಚುವ ಶಕ್ತಿ ಇಲ್ಲ. ಮತ್ತೆ ಅಳೆದಾಗ ಎರಡೂ ದಿಕ್ಕಿಗೆ 61.

ಏಪ್ರಿಲ್ 16. ಅಣ್ಣ ಇಳಿದರು

ಪಂಪು ಹಾಕಿ ನೀರು ಖಾಲಿ ಮಾಡಿದೆವು. ಕೆಸರು ನೀರಿನೊಳಕ್ಕೆ ಬೆಳಕು ಹೋಗುವುದಿಲ್ಲ, ಆದ್ದರಿಂದ ಇದು ಮೊದಲಿನ ಕೆಲಸ. ಉರಿಯುವ ದೀಪವನ್ನು ಬಕೆಟ್ಟಿನಲ್ಲಿ ತಳದವರೆಗೆ ಇಳಿಸಿ ಗಾಳಿ ನೋಡಿಕೊಂಡೇ ಅಣ್ಣ ಹಗ್ಗ ಹಿಡಿದರು. ಗಂಟೆ 8:45.

"ಎಂತ ಮಾರ್ರೆ ಇದು, ಹಗಲೇ ಆಗಿದೆಯಲ್ಲ ಇಲ್ಲಿ!" ಎಂದು ಕೆಳಗಿನಿಂದ ಕೂಗಿದರು. ನನಗೆ ಆದ ಸಂತೋಷ ಹೇಳಿ ಮುಗಿಯದು. ನನ್ನ ಲೆಕ್ಕದಲ್ಲಿ ತಳಕ್ಕೆ ತಲುಪುತ್ತಿದ್ದದ್ದು 10 ವಾಟಿನ ಹತ್ತು ಎಲ್‌ಇಡಿ ಬಲ್ಬಿನಷ್ಟು ಬೆಳಕು.

ಎರಡನೇ ಬಕೆಟ್ಟಿಗೆ ತೊಂದರೆ ಶುರುವಾಯಿತು. ಹಗ್ಗ ಎಳೆಯಲು ಹೇಳಬೇಕೆಂದು ಅವರು ತಲೆ ಎತ್ತಿದರು, ಕೂಡಲೇ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು. ಮೇಲಿನ ಕನ್ನಡಿಯಲ್ಲಿ ಅವರಿಗೆ ಕಂಡದ್ದು ಸೂರ್ಯನೇ. ನೇರ ಸೂರ್ಯನನ್ನು ನೋಡಿದಷ್ಟೇ ಅಪಾಯ ಅದು. ಇಷ್ಟು ದಿನ ಡಿಗ್ರಿ, ಮಿಲಿಮೀಟರ್ ಎಂದು ಕೂತ ನನಗೆ ಕೆಳಗಿರುವವರು ಮೇಲೆ ನೋಡುತ್ತಾರೆ ಎಂಬುದು ಹೊಳೆದಿರಲಿಲ್ಲ. ಓಡಿಹೋಗಿ ಕನ್ನಡಿಗೆ ಬೈರಾಸು (ಟವೆಲ್) ಮುಚ್ಚಿದೆ. ಐದು ನಿಮಿಷದಲ್ಲಿ ಕಣ್ಣು ಸರಿಯಾಯಿತು ಎಂದರು. ಈ ತಪ್ಪಿಗೆ ನಾನು ಯಾವ ಸಮಾಧಾನವನ್ನೂ ಹೇಳಿಕೊಳ್ಳಲಾರೆ.

ಇನ್ನೊಂದು ತೊಂದರೆ ಅವರೇ ಹೇಳಿದ್ದು. ಬೆಳಕು ನೆತ್ತಿಯ ಮೇಲೆ ಬೀಳುತ್ತದೆ, ಬಗ್ಗಿದರೆ ತಲೆಯ ನೆರಳು ಕೈಯ ಮೇಲೆಯೇ. ಹಾರೆ ಎಲ್ಲಿ ಹಾಕುತ್ತೇನೆಂದು ಕಾಣುವುದಿಲ್ಲ. "ನಮಗೆ ನಡುವಿಗೆ ಬೇಡ ಮಾರ್ರೆ. ಬದಿಯ ಕಲ್ಲಿಗೆ ಬಿಡಿ. ಮನೆಯೊಳಗೆ ಬಿಸಿಲು ಬಿದ್ದರೆ ಸುಣ್ಣದ ಗೋಡೆಯಿಂದಲ್ಲವಾ ಕೋಣೆಗೆಲ್ಲ ಬೆಳಕು?"

ಮುರಕಲ್ಲು ಕೆಂಪು, ಅದಕ್ಕೆ ಬಿದ್ದ ಬೆಳಕಿನಲ್ಲಿ ಹೆಚ್ಚಿನದನ್ನು ಅದೇ ನುಂಗುತ್ತದೆ. ದೊಡ್ಡಮ್ಮ ಒಂದು ಹಳೆ ಬಿಳಿ ಪಂಚೆ ಕೊಟ್ಟರು. ಅದನ್ನು ಎರಡು ಕಲ್ಲು ಕಟ್ಟಿ ಉತ್ತರದ ಗೋಡೆಗೆ ಇಳಿಬಿಟ್ಟೆವು, ಕೆಳಗಿನ ತುದಿ ತಳದಿಂದ 5 ಅಡಿ ಮೇಲೆ ಇರುವಂತೆ. ಮೇಲಿನ ಕನ್ನಡಿಯ ಬೋಲ್ಟು ಸಡಿಲಿಸಿ ಒಂದು ಬದಿಯನ್ನು ತುಸು ಎತ್ತಿದೆ, ಬೆಳಕು ಪೂರ್ತಿ ಪಂಚೆಯ ಮೇಲೆ ಹೋಗಿ ಕೂತಿತು. ಬಾವಿಯ ತಳ ಇಡೀ ಮೆಲ್ಲನೆ ಬೆಳಗಿತು. ಯಾವ ಕಡೆಗೂ ಕಪ್ಪು ನೆರಳಿಲ್ಲ. ಕೆಳಗೆ ನಿಂತು ಮೇಲೆ ನೋಡಿದರೂ ಕಣ್ಣಿಗೆ ಹೊಡೆಯುವುದಿಲ್ಲ, ಬೆಳಕಿನ ಕಂಬ ತಲೆಯಿಂದ ಆಚೆ ಹಾದುಹೋಗುತ್ತದೆ. ಹಾಗಿದ್ದರೂ ಅವರು ಹತ್ತುವಾಗ, ಇಳಿಯುವಾಗ ಕನ್ನಡಿಗೆ ಬೈರಾಸು ಮುಚ್ಚುವ ನಿಯಮ ಮಾಡಿಕೊಂಡೆವು. ಒಂದು ಸೀಟಿ ಹೊಡೆದರೆ ಮುಚ್ಚುವುದು, ಎರಡು ಹೊಡೆದರೆ ತೆಗೆಯುವುದು.

11:30ರ ಹೊತ್ತಿಗೆ 43 ಬಕೆಟ್ ಹೂಳು ಮೇಲೆ ಬಂದಿತ್ತು. ಅದರಲ್ಲಿ ಒಂದು ಹಿತ್ತಾಳೆ ಚೊಂಬು ಕೂಡ. ಯಾವ ಕಾಲದ್ದೋ ಯಾರಿಗೂ ನೆನಪಿಲ್ಲ.

ಏಪ್ರಿಲ್ 17. ಉಳಿದ ಕೆಲಸ, ಉಳಿದ ಪ್ರಶ್ನೆ

ಬೆಳಿಗ್ಗೆ ಹೂಳು ಪೂರ್ತಿ ಮುಗಿಯಿತು. ಹನ್ನೊಂದರ ಮೇಲೆ ಕಡಲ ಗಾಳಿ ಎದ್ದಾಗ ಸ್ಟ್ಯಾಂಡು ಅಲುಗಿ ಪಂಚೆಯ ಮೇಲಿನ ಬೆಳಕು ನಡುಗುತ್ತಿತ್ತು. ಬುಡಕ್ಕೆ ಎರಡು ಮುರಕಲ್ಲು ಹೇರಿದ ಮೇಲೆ ನಿಂತಿತು.

ದೊಡ್ಡಮ್ಮ ಒಂದು ಪ್ರಶ್ನೆ ಕೇಳಿದ್ದರು: "ಅಲ್ಲ ಮಗಾ, ಮಧ್ಯಾಹ್ನ ಸೂರ್ಯನೇ ಬಾವಿಯೊಳಗೆ ಇಣುಕುತ್ತಾನಲ್ಲ, ಆಗ ಇಳಿದರೆ ಆಗುವುದಿಲ್ಲವಾ?" ಹೌದು. ಈ ದಿನಗಳಲ್ಲಿ ಹೆಚ್ಚುಕಡಿಮೆ 12ರಿಂದ 1ರವರೆಗೆ ನಮ್ಮ ಬಾವಿಯ ತಳಕ್ಕೆ ಬಿಸಿಲು ತಾನಾಗಿ ಮುಟ್ಟುತ್ತದೆ. ಏಪ್ರಿಲ್ 25ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಉಡುಪಿಯಲ್ಲಿ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ, ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಆದರೆ ಒಂದು ಗಂಟೆಯಲ್ಲಿ ಹೂಳು ಮುಗಿಯುವುದಿಲ್ಲ. ಆ ಉರಿಬಿಸಿಲಲ್ಲಿ ಮೇಲೆ ನಿಂತು ಹಗ್ಗ ಎಳೆಯುವವರ ಪಾಡು ಬೇರೆ.

ಒಟ್ಟು ಖರ್ಚು 2,510 ರೂ. ತಪ್ಪಿ ತಂದ ಕನ್ನಡಿಯ 270 ಅದರಲ್ಲೇ ಸೇರಿದೆ. ಟ್ಯೂಬು, ಪಂಚೆ, ಬೈರಾಸು ಮನೆಯವು.

ಮೇ 20ರ ಹೊತ್ತಿಗೆ ಪಕ್ಕದ ಮನೆಯ ಬಾವಿಗೂ ಇದನ್ನು ಕೊಂಡೊಯ್ಯಬೇಕು. ಆಗ 9:30ಕ್ಕೆ ಸೂರ್ಯ ಪೂರ್ವದಿಂದ 15 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಸ್ಟ್ಯಾಂಡನ್ನು ಅಡ್ಡಕ್ಕೆ ಆರೇಳು ಡಿಗ್ರಿ ತಿರುಗಿಸಿಟ್ಟರೆ ಸಾಕೆಂದು ಲೆಕ್ಕ ಹೇಳುತ್ತದೆ. ಅವರ ಬಾವಿ 48 ಅಡಿ ಆಳ. ಪಂಚೆ ಎರಡು ಬೇಕಾದೀತು. ತೋಳಿನ 72 ಮಿಮೀ ತೂತಿಗೆ ಅಷ್ಟರೊಳಗೆ ಒಂದು ಬೋಲ್ಟು ಹಾಕಿ ಮುಚ್ಚಿಬಿಡಬೇಕು, ಅವಸರದಲ್ಲಿ ಯಾರಾದರೂ ರಾಡನ್ನು ಅದಕ್ಕೇ ತೂರಿಸಿಯಾರು.